ಗೃಹ ಬಳಕೆಯ ನೀರಿನ ವ್ಯವಸ್ಥೆ: ಮಾಲೀಕರು ಸ್ವತಃ ಕೈಗೊಳ್ಳಬಹುದಾದ ದುರಸ್ತಿ ಮತ್ತು ಸ್ವಚ್ಛತಾ ಕಾರ್ಯಗಳು

1. ಪೀಠಿಕೆ

ನೀರಿನ ಬಿಲ್ಲಿನ ಮೊತ್ತ ಹೆಚ್ಚಾಗಿದೆ, ನೀರಿನಲ್ಲಿ ವಾಸನೆ ಇದೆ ಅಥವಾ ನೀರು ಸಾಲುತ್ತಿಲ್ಲ ಎಂದು ಸಾರ್ವಜನಿಕರು ಸಲ್ಲಿಸುವ ದೂರುಗಳಿಗೆ ಮನೆಯ ಒಳಭಾಗದಲ್ಲಿರುವ ನಲ್ಲಿ, ಕೊಳವೆ, ಸಂಪು ಅಥವಾ ಮೇಲ್ತೊಟ್ಟಿಯ ದೋಷವೂ ಕಾರಣವಾಗಿರಬಹುದು. ಇಂತಹ ದೋಷಗಳಲ್ಲಿ ಹಲವನ್ನು ಮನೆಯ ಮಾಲೀಕರು ಅಥವಾ ಬಾಡಿಗೆದಾರರು ಕಡಿಮೆ ವೆಚ್ಚದಲ್ಲಿ ತಾವೇ ಸರಿಪಡಿಸಿಕೊಳ್ಳಲು ಸಾಧ್ಯವಿದೆ. ಆದರೆ ಕೆಲವು ಕೆಲಸಗಳು ಪ್ರಾಣಾಪಾಯಕ್ಕೆ ಎಡೆಮಾಡುವಂಥವು. ಮತ್ತೆ ಕೆಲವು ಅನುಮತಿಯಿಲ್ಲದೆ ಮಾಡಬಾರದಂಥವು. ಈ ಮೂರೂ ಬಗೆಯ ಕೆಲಸಗಳ ಬಗ್ಗೆ ಮಾಹಿತಿ ನೀಡುವುದು ಈ ಪುಟದ ಉದ್ದೇಶವಾಗಿರುತ್ತದೆ.

2. ಹೊಣೆಗಾರಿಕೆಯ ವ್ಯಾಪ್ತಿ

ಸಾಮಾನ್ಯವಾಗಿ ಮೀಟರಿನ ನಂತರದ ಕೊಳವೆ, ಸಂಪು, ಮೋಟಾರು, ಮೇಲ್ತೊಟ್ಟಿ ಮತ್ತು ನಲ್ಲಿಗಳ ನಿರ್ವಹಣೆಯು ಮನೆಯ ಮಾಲೀಕರ ಹೊಣೆಯಾಗಿರುತ್ತದೆ. ಈ ಕೆಳಕಂಡ ಕಾರ್ಯಗಳನ್ನು ಮಾಲೀಕರು ಸ್ವತಃ ಕೈಗೊಳ್ಳತಕ್ಕದ್ದಲ್ಲ:

ಅ) ಮೀಟರನ್ನು ಬಿಚ್ಚುವುದು, ಸ್ಥಳಾಂತರಿಸುವುದು ಅಥವಾ ಅದರ ಮುದ್ರೆಯನ್ನು ಒಡೆಯುವುದು.
ಆ) ರಸ್ತೆ ಅಥವಾ ಪಾದಚಾರಿ ಮಾರ್ಗವನ್ನು ಅಗೆಯುವುದು.
ಇ) ಸರಬರಾಜು ಕೊಳವೆಗೆ ನೇರವಾಗಿ ಮೋಟಾರು ಜೋಡಿಸಿ ನೀರೆಳೆಯುವುದು. ಇದರಿಂದ ನೆರೆಹೊರೆಯವರ ಪಾಲಿನ ನೀರು ಕಡಿಮೆಯಾಗುವುದಲ್ಲದೆ, ಕೊಳವೆಯಲ್ಲಿ ಒತ್ತಡ ಕುಸಿದು ಬಿರುಕುಗಳ ಮೂಲಕ ಹೊರಗಿನ ಕೊಳಚೆ ನೀರು ಒಳಸೇರುವ ಸಂಭವವಿರುತ್ತದೆ.
ಈ) ಮಳೆನೀರಿನ ಕೊಳವೆಯನ್ನು ಒಳಚರಂಡಿಗೆ ಸೇರಿಸುವುದು.

3. ಸೋರಿಕೆಯನ್ನು ಪತ್ತೆ ಹಚ್ಚುವ ವಿಧಾನ

3.1 ಮೀಟರಿನಿಂದ ಸಂಪಿನವರೆಗೆ: ದಿನ ಬಿಟ್ಟು ದಿನ ನೀರು ಬರುವ ಊರುಗಳಲ್ಲಿ ಈ ಪರೀಕ್ಷೆಯನ್ನು ನೀರು ಬಿಡುವ ವೇಳೆಯಲ್ಲಿಯೇ ನಡೆಸಬೇಕು. ಸಂಪಿಗೆ ನೀರು ಬೀಳುವ ಜಾಗದಲ್ಲಿರುವ ವಾಲ್ವನ್ನೂ ಆ ಮಾರ್ಗದಲ್ಲಿರುವ ಇತರ ನಲ್ಲಿಗಳನ್ನೂ ಪೂರ್ತಿ ಮುಚ್ಚಿ, 15 ನಿಮಿಷ ಮೀಟರನ್ನು ಗಮನಿಸಬೇಕು. ಆಗಲೂ ಮೀಟರು ತಿರುಗುತ್ತಿದ್ದಲ್ಲಿ, ಈ ನಡುವಿನ ಕೊಳವೆಯಲ್ಲಿ ಸೋರಿಕೆ ಇದೆ ಅಥವಾ ವಾಲ್ವು ಸರಿಯಾಗಿ ಮುಚ್ಚುತ್ತಿಲ್ಲ ಎಂದು ತಿಳಿಯಬೇಕು.

3.2 ಸಂಪು: ಸಂಪಿನಲ್ಲಿ ನೀರು ತುಂಬಿಸಿ, ಮೇಲ್ಮಟ್ಟವನ್ನು ಸೀಮೆಸುಣ್ಣದಿಂದ ಗುರುತು ಮಾಡಿ, 24 ಗಂಟೆಗಳ ಕಾಲ ನೀರು ಬಿಡದೆ, ಮೋಟಾರು ಚಾಲೂ ಮಾಡದೆ ಇರಬೇಕು. 2 ಮೀಟರ್ ಉದ್ದ, 1.5 ಮೀಟರ್ ಅಗಲದ ಸಂಪಿನಲ್ಲಿ ನೀರು 1 ಸೆಂ.ಮೀ. ಇಳಿದರೆ 30 ಲೀಟರ್ ನಷ್ಟವಾಗಿದೆ ಎಂದರ್ಥ. ನೀರು ಇಳಿಯುವುದಕ್ಕೆ ಬದಲಾಗಿ ಏರಿದ್ದರೆ ಅದು ಹೆಚ್ಚು ಗಂಭೀರವಾದ ಸಂಗತಿ. ಹೊರಗಿನ ನೀರು, ಕೆಲವೊಮ್ಮೆ ಚರಂಡಿಯ ನೀರು, ಗೋಡೆಯ ಬಿರುಕಿನಿಂದ ಒಳಬರುತ್ತಿರುವ ಸಾಧ್ಯತೆ ಇರುವುದರಿಂದ ದುರಸ್ತಿಯಾಗುವವರೆಗೆ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸಬಾರದು.

3.3 ಶೌಚಾಲಯದ ಫ್ಲಶ್ ತೊಟ್ಟಿ: ತೊಟ್ಟಿಯ ನೀರಿಗೆ ಬಟ್ಟೆಗೆ ಹಾಕುವ ನೀಲಿಯ ಕೆಲವು ಹನಿಗಳನ್ನು ಸೇರಿಸಿ 20 ನಿಮಿಷ ಬಳಸದೆ ಬಿಡಬೇಕು. ಕೆಳಗಿನ ಬೇಸಿನ್ನಿನಲ್ಲಿ ನೀಲಿ ಬಣ್ಣ ಕಂಡುಬಂದರೆ ಒಳಗಿನ ರಬ್ಬರ್ ಬಿಲ್ಲೆ ಸವೆದಿರುತ್ತದೆ, ಅದನ್ನು ಬದಲಿಸಬೇಕು.

3.4 ತೊಟ್ಟಿಕ್ಕುವ ನಲ್ಲಿ: ನಲ್ಲಿಯ ಕೆಳಗೆ 10 ನಿಮಿಷ ಲೋಟವನ್ನಿಟ್ಟು, ಸಂಗ್ರಹವಾದ ನೀರನ್ನು ಅಳೆದು 144ರಿಂದ ಗುಣಿಸಿದರೆ ದಿನದ ನಷ್ಟ ದೊರೆಯುತ್ತದೆ. 10 ನಿಮಿಷಕ್ಕೆ 100 ಮಿ.ಲೀ. ಸೋರಿದರೆ ದಿನಕ್ಕೆ 14.4 ಲೀಟರ್, 30 ದಿನಗಳ ತಿಂಗಳಿಗೆ 432 ಲೀಟರ್ ಆಗುತ್ತದೆ. ಒಳಚರಂಡಿ ಸೌಲಭ್ಯವಿರುವ ನಗರಗಳಿಗೆ ಯೋಜನಾ ಮಾನದಂಡವಾಗಿ ಬಳಸಲಾಗುವ ದಿನಕ್ಕೆ ತಲಾ 135 ಲೀಟರ್ ಪ್ರಮಾಣಕ್ಕೆ ಹೋಲಿಸಿದಲ್ಲಿ, ಇದು ಮೂವರ ಒಂದು ದಿನದ ಬಳಕೆಗಿಂತ ಹೆಚ್ಚು.

4. ನಲ್ಲಿಯ ವಾಷರ್ ಬದಲಾವಣೆ

ಅ) ಆ ಮಾರ್ಗದ ಗೇಟ್ ವಾಲ್ವನ್ನು ಮುಚ್ಚಿ, ನಲ್ಲಿಯನ್ನು ತೆರೆದು ಕೊಳವೆಯಲ್ಲಿ ಉಳಿದ ನೀರನ್ನು ಹರಿಯಬಿಡಬೇಕು.
ಆ) ನಲ್ಲಿಯ ಮೇಲ್ಭಾಗವನ್ನು ಸ್ಪ್ಯಾನರಿನಿಂದ ಬಿಚ್ಚಬೇಕು. ಹೊಳಪು ಹಾಳಾಗದಂತೆ ನಡುವೆ ಬಟ್ಟೆ ಸುತ್ತುವುದು ಒಳ್ಳೆಯದು.
ಇ) ಸವೆದ ವಾಷರನ್ನು ಅಂಗಡಿಗೆ ಒಯ್ದು, ಅದೇ ಅಳತೆಯ ಹೊಸದನ್ನು ತಂದು ಕೂರಿಸಬೇಕು. ಕಾಲು ಸುತ್ತಿಗೇ ತೆರೆಯುವ ಹೊಸ ಮಾದರಿಯ ನಲ್ಲಿಗಳಲ್ಲಿ ಸಾಮಾನ್ಯವಾಗಿ ವಾಷರಿನ ಬದಲು ಒಳಗಿನ ಇಡೀ ಸ್ಪಿಂಡಲ್ಲನ್ನು ಬದಲಿಸಬೇಕಾಗುತ್ತದೆ.
ಈ) ನಲ್ಲಿಯನ್ನೇ ಬದಲಿಸುವುದಾದರೆ, ಅದರ ಮರೆಯ ಮೇಲೆ ಟೆಫ್ಲಾನ್ ಟೇಪನ್ನು ತಿರುಗಿಸಿ ಬಿಗಿಯುವ ದಿಕ್ಕಿನಲ್ಲಿಯೇ ಸುತ್ತಬೇಕು. ವಿರುದ್ಧ ದಿಕ್ಕಿನಲ್ಲಿ ಸುತ್ತಿದರೆ ಬಿಗಿಯುವಾಗ ಟೇಪು ಬಿಚ್ಚಿಕೊಳ್ಳುತ್ತದೆ.

5. ಮೇಲ್ತೊಟ್ಟಿಯ ಸ್ವಚ್ಛತೆ ಮತ್ತು ಸೋಂಕು ನಿವಾರಣೆ

ತೊಟ್ಟಿಯ ನೀರನ್ನು ಬಳಸಿ ಮುಗಿಸಿದ ನಂತರ, ತಳದಲ್ಲಿ ಉಳಿದ ನೀರಿನಲ್ಲಿಯೇ ಉದ್ದನೆಯ ಹಿಡಿಯ ಬ್ರಷ್ಷಿನಿಂದ ಗೋಡೆ ಮತ್ತು ತಳವನ್ನು ಉಜ್ಜಿ, ಕೆಸರನ್ನು ಹೊರಹಾಕಬೇಕು. ನೀರು ಶುದ್ಧೀಕರಣ ಯಂತ್ರ ಮತ್ತು ಸೌರ ಜಲತಾಪಕಗಳ ಮಾರ್ಗವನ್ನು ಮೊದಲೇ ಮುಚ್ಚಿರಬೇಕು. ನಂತರ ತೊಟ್ಟಿಯನ್ನು ತುಂಬಿಸಿ ಬ್ಲೀಚಿಂಗ್ ಪುಡಿಯ ದ್ರಾವಣವನ್ನು ಸೇರಿಸಬೇಕು.

ಪ್ರಮಾಣ: ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬೇಕೆಂದು ಲೆಕ್ಕ ಹಾಕಿದರೆ 1,000 ಲೀಟರಿಗೆ 50 ಗ್ರಾಂ ಕ್ಲೋರಿನ್ ಆಗುತ್ತದೆ. ಶೇ. 25ರಷ್ಟು ಕ್ಲೋರಿನ್ ಇರುವ ಪುಡಿಯಾದರೆ 200 ಗ್ರಾಂ ಹಾಕಬೇಕು. ತೆರೆದಿಟ್ಟ ಪುಡಿ ದಿನ ಕಳೆದಂತೆ ಸತ್ವ ಕಳೆದುಕೊಳ್ಳುವುದರಿಂದ ಹೊಸ ಪೊಟ್ಟಣವನ್ನೇ ಬಳಸಬೇಕು.

ಪುಡಿಯನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ಗಾಳಿಯಾಡುವ ಜಾಗದಲ್ಲಿ, ಕೈಗವಸು ಧರಿಸಿ ಸ್ವಲ್ಪ ನೀರಿನಲ್ಲಿ ಕಲಸಿ, ಬಳಿಕ ತೆಳುವಾಗಿಸಿ, ಸುಣ್ಣದಂಶ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ತೊಟ್ಟಿಗೆ ಸುರಿಯಬೇಕು. ಮನೆಯ ಪ್ರತಿಯೊಂದು ನಲ್ಲಿಯನ್ನೂ ಕ್ಲೋರಿನ್ ವಾಸನೆ ಬರುವವರೆಗೆ ತೆರೆದು ಮುಚ್ಚಿದರೆ ಕೊಳವೆಗಳೂ ಶುದ್ಧವಾಗುತ್ತವೆ. 24 ಗಂಟೆಗಳ ನಂತರ ಈ ನೀರನ್ನು ಸಂಪೂರ್ಣವಾಗಿ ಹೊರಬಿಡಬೇಕು. ಅಂಗಳ ಮತ್ತು ಶೌಚಾಲಯ ತೊಳೆಯಲು ಇದನ್ನು ಬಳಸಬಹುದು. ಗಿಡಗಳಿಗೆ, ಕೆರೆ-ಬಾವಿಗಳಿಗೆ ಬಿಡಬಾರದು.

ಎಚ್ಚರಿಕೆ: ಮೇಲಿನ ಪ್ರಮಾಣವು ತೊಟ್ಟಿಯ ಶುದ್ಧೀಕರಣಕ್ಕೆ ಮಾತ್ರ, ಈ ನೀರನ್ನು ಕುಡಿಯಬಾರದು. ಕುಡಿಯುವ ನೀರಿನಲ್ಲಿ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂಬುದು ಭಾರತೀಯ ಮಾನಕ 10500:2012ರ ನಿಗದಿಯಾಗಿದ್ದು, ಅದು ಇದಕ್ಕಿಂತ ತೀರಾ ಅಲ್ಪ ಪ್ರಮಾಣ. ಬ್ಲೀಚಿಂಗ್ ಪುಡಿಯನ್ನು ಶೌಚಾಲಯ ತೊಳೆಯುವ ಆಸಿಡ್ಡಿನೊಂದಿಗೆ ಯಾವ ಕಾರಣಕ್ಕೂ ಬೆರೆಸಬಾರದು. ಹಾಗೆ ಬೆರೆಸಿದಲ್ಲಿ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

6. ಸಂಪಿನೊಳಗೆ ಇಳಿಯುವ ಬಗ್ಗೆ

ಬಹುಕಾಲ ಮುಚ್ಚಿದ್ದ ಸಂಪು ನೋಡಲು ಖಾಲಿಯಾಗಿದ್ದರೂ ಒಳಗೆ ಉಸಿರಾಡಲು ಯೋಗ್ಯವಾದ ಗಾಳಿ ಇರದಿರಬಹುದು. ತಳದ ಕೆಸರು ಕೊಳೆಯುವಾಗ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಹೊಸದಾಗಿ ಕಟ್ಟಿದ ಸಂಪಿನಲ್ಲಿ ಉಳಿದ ಸೆಂಟ್ರಿಂಗ್ ಹಲಗೆಗಳು ಒದ್ದೆಯಾಗಿ ಕೊಳೆತಾಗಲೂ ಇದೇ ಸಂಭವಿಸುತ್ತದೆ. ಪೆಟ್ರೋಲ್ ಅಥವಾ ಡೀಸೆಲ್ ಪಂಪನ್ನು ಸಂಪಿನೊಳಗಿಟ್ಟು ಚಾಲೂ ಮಾಡಿದರೆ ವಾಸನೆಯಿಲ್ಲದ ಇಂಗಾಲದ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಮೇಣದಬತ್ತಿ ಇಳಿಬಿಟ್ಟು ನೋಡುವ ರೂಢಿಯಿಂದ ವಿಷಾನಿಲ ಪತ್ತೆಯಾಗುವುದಿಲ್ಲ. ಬೆಂಕಿ ಹೊತ್ತಿಕೊಳ್ಳಬಲ್ಲ ಅನಿಲವಿದ್ದಲ್ಲಿ ಅದೇ ಅಪಾಯಕ್ಕೆ ಕಾರಣವಾಗುತ್ತದೆ.

ಆದ್ದರಿಂದ ಸಂಪನ್ನು ಸಾಧ್ಯವಾದಷ್ಟೂ ಮೇಲಿನಿಂದಲೇ, ಉದ್ದನೆಯ ಬ್ರಷ್ಷು ಮತ್ತು ಕೆಸರೆತ್ತುವ ಪಂಪಿನಿಂದ ಸ್ವಚ್ಛಗೊಳಿಸತಕ್ಕದ್ದು. ಇಳಿಯಲೇಬೇಕಾದಲ್ಲಿ ಗಾಳಿಯ ಪರೀಕ್ಷೆಗೆ ಉಪಕರಣವುಳ್ಳ, ತರಬೇತಿ ಪಡೆದವರಿಗೆ ಆ ಕೆಲಸವನ್ನು ವಹಿಸತಕ್ಕದ್ದು. ಒಳಗೆ ಒಬ್ಬರು ಕುಸಿದು ಬಿದ್ದಾಗ ಅವರನ್ನು ಎತ್ತಲೆಂದು ಮನೆಯವರು ಒಬ್ಬರ ಹಿಂದೊಬ್ಬರು ಇಳಿಯುವುದರಿಂದ ಸಾವಿನ ಸಂಖ್ಯೆ ಹೆಚ್ಚುತ್ತದೆ. ಅಂತಹ ಸಂದರ್ಭದಲ್ಲಿ ಯಾರೂ ಇಳಿಯದೆ ಕೂಡಲೇ 112 ಅಥವಾ ಅಗ್ನಿಶಾಮಕ ದಳದ 101 ಸಂಖ್ಯೆಗೆ ಕರೆ ಮಾಡಬೇಕು. ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಸಂಪಿನ ಮುಚ್ಚಳಕ್ಕೆ ಬೀಗ ಹಾಕುವುದು ಅತ್ಯಗತ್ಯ.

7. ಶೌಚಗುಂಡಿ ಮತ್ತು ಒಳಚರಂಡಿ

ಸುರಕ್ಷತಾ ಸಾಧನಗಳಿಲ್ಲದೆ ಒಳಚರಂಡಿ ಅಥವಾ ಶೌಚಗುಂಡಿಯ ಸ್ವಚ್ಛತೆಗೆ ಯಾವುದೇ ವ್ಯಕ್ತಿಯನ್ನು ನೇರವಾಗಿ ಅಥವಾ ಪರೋಕ್ಷವಾಗಿ ತೊಡಗಿಸುವುದನ್ನು 2013ರ ಮಲ ಹೊರುವ ವೃತ್ತಿ ನಿಷೇಧ ಮತ್ತು ಪುನರ್ವಸತಿ ಅಧಿನಿಯಮದ 7ನೇ ಪ್ರಕರಣ ನಿಷೇಧಿಸಿದೆ. ಈ ನಿಷೇಧ ಖಾಸಗಿ ಮನೆಯ ಮಾಲೀಕರಿಗೂ ಅನ್ವಯಿಸುತ್ತದೆ. ಮೊದಲ ಉಲ್ಲಂಘನೆಗೆ 2 ವರ್ಷಗಳವರೆಗೆ ಕಾರಾಗೃಹ ವಾಸ ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಒಳಚರಂಡಿ ಸ್ವಚ್ಛತೆಯ ವೇಳೆ ಮೃತಪಟ್ಟವರ ಕುಟುಂಬಕ್ಕೆ ನೀಡಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 20-10-2023ರ ತೀರ್ಪಿನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗಳಿಗೆ ಹೆಚ್ಚಿಸಿದೆ. ಶೌಚಗುಂಡಿ ತುಂಬಿದಲ್ಲಿ ಸ್ಥಳೀಯ ಸಂಸ್ಥೆಯನ್ನು ಸಂಪರ್ಕಿಸಿ ಹೀರುಯಂತ್ರದ ವಾಹನವನ್ನೇ ತರಿಸತಕ್ಕದ್ದು.

8. ಮೋಟಾರು ಮತ್ತು ವಿದ್ಯುತ್ ಸುರಕ್ಷತೆ

ಸಂಪು ಅಥವಾ ತೊಟ್ಟಿಯ ಕೆಲಸ ಆರಂಭಿಸುವ ಮುನ್ನ ಮೋಟಾರಿನ ಸ್ವಿಚ್ ಆರಿಸಿದರೆ ಸಾಲದು. ಮುಖ್ಯ ಸ್ವಿಚ್ಚನ್ನೇ ಆರಿಸಬೇಕು. ಮೋಟಾರಿಗೆ ಭೂಸಂಪರ್ಕವಿರುವುದನ್ನೂ, ಮನೆಯಲ್ಲಿ 30 ಮಿಲಿಆಂಪಿಯರ್ ಸಾಮರ್ಥ್ಯದ ವಿದ್ಯುತ್ ಸೋರಿಕೆ ರಕ್ಷಕ ಇರುವುದನ್ನೂ ಖಚಿತಪಡಿಸಿಕೊಳ್ಳಬೇಕು. ಹೊಸದಾಗಿ ತಂತಿ ಎಳೆಯುವ ಅಥವಾ ಮಾರ್ಗ ಬದಲಿಸುವ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು.

9. ಸೊಳ್ಳೆ ನಿಯಂತ್ರಣ

ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯು ಮೊಟ್ಟೆಯಿಂದ ಪೂರ್ಣ ಬೆಳೆಯಲು ಸುಮಾರು 7ರಿಂದ 10 ದಿನ ತೆಗೆದುಕೊಳ್ಳುತ್ತದೆ. ಆದುದರಿಂದ ಡ್ರಮ್ಮು, ಬಕೆಟ್ಟುಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ಉಜ್ಜಿ ಒಣಗಿಸಬೇಕು. ಸಂಪು ಮತ್ತು ಮೇಲ್ತೊಟ್ಟಿಗಳಿಗೆ ಸಂದಿಯಿಲ್ಲದ ಮುಚ್ಚಳವಿರಬೇಕು. ಹೆಚ್ಚುವರಿ ನೀರು ಹೊರಹೋಗುವ ಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಬೇಕು.

10. ದೂರು ಮತ್ತು ಅರ್ಜಿ ಸಲ್ಲಿಕೆ

ಮೇಲ್ಕಂಡ ಪರೀಕ್ಷೆಗಳಲ್ಲಿ ಮನೆಯೊಳಗೆ ದೋಷ ಕಂಡುಬಾರದಿದ್ದಲ್ಲಿ, ಸತತ 7 ದಿನ ಒಂದೇ ವೇಳೆಯಲ್ಲಿ ಮೀಟರಿನ ಅಂಕಿಗಳನ್ನು ದಿನಾಂಕ ಸಹಿತ ಬರೆದಿಟ್ಟು, ಹಿಂದಿನ ಬಿಲ್ಲುಗಳ ಪ್ರತಿಯೊಂದಿಗೆ ದೂರು ಸಲ್ಲಿಸಬೇಕು. ಅಂಕಿ-ಅಂಶಗಳಿರುವ ದೂರನ್ನು ಪರಿಶೀಲಿಸುವುದು ಸುಲಭವಾಗುತ್ತದೆ. ಬೆಂಗಳೂರಿನಲ್ಲಿ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಸಹಾಯವಾಣಿ 1916ಕ್ಕೆ ಕರೆ ಮಾಡಬಹುದು; ಇತರ ಊರುಗಳಲ್ಲಿ ಆಯಾ ನಗರ ಸ್ಥಳೀಯ ಸಂಸ್ಥೆ ಅಥವಾ ಗ್ರಾಮ ಪಂಚಾಯಿತಿಯನ್ನು ಸಂಪರ್ಕಿಸಬಹುದು. ಹೊಸ ಸಂಪರ್ಕ, ಮೀಟರ್ ಬದಲಾವಣೆ ಮತ್ತು ರಸ್ತೆ ಅಗೆತಕ್ಕೆ ಮುಂಚಿತವಾಗಿ ಅರ್ಜಿ ಸಲ್ಲಿಸಿ, ಲಿಖಿತ ಅನುಮತಿ ಪಡೆದ ನಂತರವೇ ಕೆಲಸ ಆರಂಭಿಸತಕ್ಕದ್ದು.