ಮೋರಿ ಗರ್ಲ್: ನಗರದಲ್ಲಿ ಹುಟ್ಟಿದ ಕಾಡಿನ ಹುಡುಗಿ

ಜಪಾನಿ ಭಾಷೆಯಲ್ಲಿ ‘ಮೋರಿ’ ಎಂದರೆ ಕಾಡು. ಕನ್ನಡದ ಮೋರಿಗೂ ಇದಕ್ಕೂ ಯಾವ ನಂಟೂ ಇಲ್ಲ. ಕಾಡಿನ ಹಾದಿಯಲ್ಲಿ ಎದುರಾಗಬಹುದಾದ ಹುಡುಗಿಯಂತೆ ಉಡುಗೆ ತೊಡುವ ಯುವತಿಯರನ್ನು ಜಪಾನಿನಲ್ಲಿ ‘ಮೋರಿ ಗರ್ಲ್’ ಎಂದು ಕರೆಯಲಾಯಿತು. ಈ ಶೈಲಿಗೆ ‘ಮೋರಿ ಕೇ’ ಎಂಬ ಹೆಸರೂ ಉಂಟು.

ಈ ಹೆಸರು ಬಳಕೆಗೆ ಬಂದದ್ದು 2006ರಲ್ಲಿ, ‘ಮಿಕ್ಸಿ’ ಎಂಬ ಜಪಾನಿನ ಸಾಮಾಜಿಕ ಜಾಲತಾಣದ ಮೂಲಕ. ಅಲ್ಲಿ ಯುವತಿಯೊಬ್ಬರು ಕಟ್ಟಿದ ಬಳಗವು ಮೋರಿ ಗರ್ಲ್‌ನ ಲಕ್ಷಣಗಳ ಉದ್ದನೆಯ ಪಟ್ಟಿಯನ್ನೇ ಮುಂದಿಟ್ಟಿತು. ಅದೇ ವರ್ಷ ತೆರೆಕಂಡ ‘ಹನಿ ಅಂಡ್ ಕ್ಲೋವರ್’ ಚಿತ್ರದಲ್ಲಿ ನಟಿ ಯು ಅವೊಯಿ ನಿರ್ವಹಿಸಿದ ಕಲಾ ವಿದ್ಯಾರ್ಥಿನಿಯ ಪಾತ್ರ ಈ ಶೈಲಿಗೆ ಮಾದರಿಯೆನಿಸಿತು.

ಉಡುಗೆ, ಬದುಕು

ಸಡಿಲವಾದ ನಿಲುವಂಗಿ, ಅದರ ಮೇಲೆ ಪದರ ಪದರವಾಗಿ ಉಣ್ಣೆಯ ಮೇಲಂಗಿ, ಶಾಲು. ಹತ್ತಿ, ಲಿನನ್, ಲೇಸು. ಹಿಮ್ಮಡಿ ಎತ್ತರವಿಲ್ಲದ ದುಂಡು ಮೂತಿಯ ಬೂಟು. ಹೆಗಲಿಗೊಂದು ಪುಟ್ಟ ಚರ್ಮದ ಚೀಲ. ಬಣ್ಣಗಳೆಂದರೆ ಕೆನೆ ಬಿಳುಪು, ಕಂದು, ಪಾಚಿ ಹಸಿರು, ಕಡುಗೆಂಪು. ಅಜ್ಜಿಯ ಕಾಲದ ವಸ್ತುಗಳೆಂದರೆ ಅಚ್ಚುಮೆಚ್ಚು. ಕ್ಯಾಮೆರಾ ಹಿಡಿದು ನಿಧಾನವಾಗಿ ಅಡ್ಡಾಡುವುದು, ಸಣ್ಣ ಕೆಫೆಯಲ್ಲಿ ಪುಸ್ತಕ ಓದುವುದು, ಹಳೆಯ ಸಾಮಾನಿನ ಅಂಗಡಿಗಳನ್ನು ಸುತ್ತುವುದು ಇವರ ಹವ್ಯಾಸಗಳು.

ಟೋಕಿಯೊದ ಶಿಬುಯಾದಲ್ಲಿ ಮೆರೆದಿದ್ದ ‘ಗ್ಯಾರು’ ಶೈಲಿಯ ತುಂಡು ಲಂಗ, ಬಣ್ಣ ಹಚ್ಚಿದ ಕೂದಲು, ಗಾಢ ಪ್ರಸಾಧನಗಳಿಗೆ ಇದು ತೀರ ವಿರುದ್ಧವಾಗಿತ್ತು. ನೋಡುವವರ ಕಣ್ಣಿಗಾಗಿ ಅಲ್ಲ, ತನ್ನ ನೆಮ್ಮದಿಗಾಗಿ ಉಡುವುದೇ ಇದರ ತಿರುಳು.

ಯಾವ ಕಾಡು?

ಜಪಾನಿನ ನೆಲದ ಸುಮಾರು ಮೂರನೇ ಎರಡು ಭಾಗ ಅರಣ್ಯ. ಆದರೆ ಜನರಲ್ಲಿ ಬಹುಪಾಲು ನಗರವಾಸಿಗಳು. ಕಾಡಿನಲ್ಲಿ ಕಾಲ ಕಳೆದು ಮನಸ್ಸನ್ನು ಹಗುರಾಗಿಸಿಕೊಳ್ಳಿರೆಂದು ಅಲ್ಲಿನ ಅರಣ್ಯ ಇಲಾಖೆಯೇ 1982ರಲ್ಲಿ ‘ಶಿನ್ರಿನ್ ಯೋಕು’, ಅಂದರೆ ವನಸ್ನಾನ, ಎಂಬ ಮಾತನ್ನು ಬಳಕೆಗೆ ತಂದಿತ್ತು. ಮೋರಿ ಗರ್ಲ್‌ಳ ಕಾಡಾದರೋ ಜಪಾನಿನ ದೇವದಾರು ತೋಪುಗಳದ್ದಲ್ಲ. ಅಣಬೆ, ಜಿಂಕೆ, ಮರದ ಗುಡಿಸಲುಗಳುಳ್ಳ ಯುರೋಪಿನ ಕಿನ್ನರಕಥೆಗಳ ಕಾಡು ಅದು. ಅವಳು ವಾಸಿಸುತ್ತಿದ್ದುದೂ ನಗರದಲ್ಲಿಯೇ.

ವೈರುಧ್ಯವೂ ಇಲ್ಲಿಯೇ ಇದೆ. ಹಳೆಯದನ್ನು ಜೋಪಾನ ಮಾಡುವ ಈ ಅಭಿರುಚಿಯು 2009ರ ಹೊತ್ತಿಗೆ ನಿಯತಕಾಲಿಕೆಗಳ ಹಾಗೂ ಉಡುಪು ಮಾರಾಟಗಾರರ ಕೈಗೆ ಸಿಕ್ಕಿತು. ಸರಳತೆಯೇ ಕೊಳ್ಳುವ ಸರಕಾಯಿತು. ಅದರ ಬೆನ್ನಿಗೇ ಬಣ್ಣದ ಲಂಗ ತೊಟ್ಟು ನಿಜವಾಗಿಯೇ ಬೆಟ್ಟ ಹತ್ತುವ ‘ಯಾಮಾ ಗರ್ಲ್’ಗಳು ಸುದ್ದಿಯಾದರು, ‘ಯಾಮಾ’ ಎಂದರೆ ಬೆಟ್ಟ. 2010ರ ದಶಕದಲ್ಲಿ ಜಪಾನಿನಲ್ಲಿ ಮೋರಿ ಗರ್ಲ್ ಅಲೆ ಇಳಿಯಿತು.

ಆದರೆ ಅಭಿರುಚಿ ಅಳಿಯಲಿಲ್ಲ. ಟಂಬ್ಲರ್ ಜಾಲತಾಣದ ಮೂಲಕ ಅದು ಪಾಶ್ಚಾತ್ಯ ದೇಶಗಳನ್ನು ತಲುಪಿತು. 2020ರಲ್ಲಿ ಕೊರೊನಾ ನಿರ್ಬಂಧದಿಂದ ಮನೆಯೊಳಗೆ ಉಳಿದವರನ್ನು ಸೆಳೆದ, ಹಳ್ಳಿಮನೆಯ ಬದುಕನ್ನು ಕನಸುವ ‘ಕಾಟೇಜ್‌ಕೋರ್’ ಇದರ ಹತ್ತಿರದ ಬಂಧು. ನಗರದ ಧಾವಂತ ಹೆಚ್ಚಿದಷ್ಟೂ ಕಾಡಿನ ಕನಸಿಗೆ ಹೊಸ ಹೆಸರುಗಳು ಹುಟ್ಟುತ್ತಲೇ ಇವೆ.