ವಾಚಿನ ಅಕ್ಕ, ಗಾರ್ಮೆಂಟ್ಸಿನ ತಾಯಿ

ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಅಪ್ಪ ಕೊಡಿಸಿದ ಎಚ್‌ಎಂಟಿ ವಾಚು ಇಂದಿಗೂ ಬೀರುವಿನಲ್ಲಿದೆ. ಕೀ ಕೊಟ್ಟರೆ ಓಡುತ್ತದೆ. ಆ ಕಾಲದಲ್ಲಿ ಮದುವೆ ಗಂಡಿಗೂ ಅದೇ ವಾಚು, ಪಾಸಾದ ಹುಡುಗಿಗೂ ಅದೇ. ಯಶವಂತಪುರದವರಾದ ನಮಗೆ ಅದು ಪಕ್ಕದ ಜಾಲಹಳ್ಳಿಯದು ಎಂಬ ಜಂಬ ಬೇರೆ.

ಯಂತ್ರಗಳನ್ನು ತಯಾರಿಸಲೆಂದು ಎಚ್‌ಎಂಟಿ ಜಾಲಹಳ್ಳಿಯಲ್ಲಿ ಹುಟ್ಟಿದ್ದು 1953ರಲ್ಲಿ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ವಾಚಿನ ಕಾರ್ಖಾನೆ ಬಂದದ್ದು 1961ರಲ್ಲಿ. ನಮ್ಮ ಎದುರು ಮನೆಯ ಅಕ್ಕ ಅಲ್ಲಿ ಬಿಡಿಭಾಗ ಜೋಡಿಸುತ್ತಿದ್ದರು. ಬೆಳಿಗ್ಗೆ ಕಾರ್ಖಾನೆ ಬಸ್ಸು, ಹೆರಿಗೆಗೆ ರಜೆ, ಕಾಯಿಲೆಗೆ ಆಸ್ಪತ್ರೆ, ವರ್ಷಕ್ಕೊಮ್ಮೆ ಬೋನಸ್ಸು. ಅಮ್ಮನಿಗೆ ಅವರನ್ನು ಕಂಡರೆ ಸ್ವಲ್ಪ ಹೊಟ್ಟೆಕಿಚ್ಚು. ನನ್ನನ್ನು ಬಿ.ಎಡ್.ಗೆ ಕಳಿಸಿದ್ದೂ ಅದರಿಂದಲೇ ಇರಬೇಕು!

ಆ ನೆಮ್ಮದಿಗೆ ಒಂದು ಬೇಲಿ ಇತ್ತು. ಹೊರದೇಶದ ವಾಚು ಸುಲಭವಾಗಿ ಒಳಗೆ ಬರುವಂತಿರಲಿಲ್ಲ. ಕಳ್ಳ ಮಾಲು ಕೊಳ್ಳಬೇಕಿತ್ತು, ಇಲ್ಲವೇ ದುಬೈಯಿಂದ ನೆಂಟರು ಬರಬೇಕಿತ್ತು. 1991ರ ನಂತರ ಆ ಬೇಲಿ ಒಂದೊಂದೇ ಗೂಟ ಕಳಚಿತು. 2001ರ ಏಪ್ರಿಲ್ 1ರ ಹೊತ್ತಿಗೆ ಇಂಥ ಬಳಕೆಯ ಸಾಮಾನು ಇಷ್ಟೇ ಬರಬೇಕೆಂಬ ಮಿತಿಯೂ ಹೋಯಿತು. ಹಾಗೆಂದು ತಪ್ಪನ್ನೆಲ್ಲ ಹೊರಗಿನವರ ತಲೆಗೆ ಕಟ್ಟುವುದು ನ್ಯಾಯವಲ್ಲ. 1984ರಲ್ಲಿ ಹುಟ್ಟಿದ ಟೈಟನ್, ಪಕ್ಕದ ಹೊಸೂರಿನಿಂದಲೇ ಅಂದದ ಬ್ಯಾಟರಿ ವಾಚು ಕಳಿಸಿ, ಎಚ್‌ಎಂಟಿಯ ಗಿರಾಕಿಗಳನ್ನು ಮೊದಲೇ ಸೆಳೆದುಕೊಂಡಿತ್ತು. ನಾನೂ ಒಂದು ಕೊಂಡೆ. ಅಕ್ಕ ಸ್ವಯಂ ನಿವೃತ್ತಿ ಪಡೆದು ಮನೆಗೆ ಬಂದರು.

ಅದೇ ಹೊತ್ತಿಗೆ ಪೀಣ್ಯದ ಕಡೆ ಇನ್ನೊಂದು ಬಾಗಿಲು ತೆರೆಯಿತು. ಅಮೆರಿಕ, ಯುರೋಪಿನವರು ಯಾವ ದೇಶದಿಂದ ಎಷ್ಟು ಬಟ್ಟೆ ತರಿಸಬೇಕೆಂದು 1974ರಿಂದ ಕೋಟಾ ಇಟ್ಟಿದ್ದರು. 2005ರ ಜನವರಿ 1ಕ್ಕೆ ಅದು ಮುಗಿಯಿತು. ಬೆಂಗಳೂರಿನ ಗಾರ್ಮೆಂಟ್ಸುಗಳಿಗೆ ಹೆಂಗಸರು ಸಾಲುಗಟ್ಟಿ ಹೋದರು. ನನ್ನ ತರಗತಿಯ ಎಷ್ಟೋ ಮಕ್ಕಳ ತಾಯಂದಿರು ಜೀವನದಲ್ಲಿ ಮೊದಲ ಸಲ ತಮ್ಮದೇ ಸಂಬಳ ಎಣಿಸಿದ್ದು ಅಲ್ಲಿ. ಇದನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಆದರೆ ಅಂಗಿಯ ಬೆಲೆ ಕಟ್ಟುವವನು ಕಡಲಾಚೆಯ ಅಂಗಡಿಯವನು. ಇಲ್ಲಿ ಹೆಚ್ಚು ಕೇಳಿದರೆ ಅವನು ಬಾಂಗ್ಲಾದೇಶಕ್ಕೆ ಹೋಗಬಲ್ಲ. ಹೀಗಾಗಿ ಕೂಲಿ ಸರ್ಕಾರದ ಕನಿಷ್ಠ ವೇತನದ ಆಸುಪಾಸಿನಲ್ಲೇ ನಿಂತಿತು. ಏರಿದ್ದು ಗಂಟೆಗೆ ಇಷ್ಟು ಪೀಸು ಎಂಬ ಲೆಕ್ಕ.

2016ನೇ ಇಸವಿ ನನಗೆ ಮರೆಯದು. ಜನವರಿಯಲ್ಲಿ ಎಚ್‌ಎಂಟಿ ವಾಚಿನ ಕಂಪನಿ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಏಪ್ರಿಲ್ 18 ಮತ್ತು 19ರಂದು ಗಾರ್ಮೆಂಟ್ಸಿನ ಸಾವಿರಾರು ಹೆಂಗಸರು ಬೀದಿಗಿಳಿದರು. ಪಿ.ಎಫ್.ನಲ್ಲಿ ಮಾಲೀಕರು ಹಾಕಿದ ಪಾಲನ್ನು 58 ವರ್ಷದ ತನಕ ತೆಗೆಯುವಂತಿಲ್ಲ ಎಂದು ಹೊಸ ನಿಯಮ ಬಂದಿತ್ತು. ಒಂದು ಕಾರ್ಖಾನೆ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಕೈಗೆ ಬರುವ ಆ ಹಣವೇ ಅವರ ಮಗಳ ಮದುವೆ, ಮಗನ ಫೀಸು. ಐವತ್ತೆಂಟರ ತನಕ ಆ ಹೊಲಿಗೆ ಯಂತ್ರದ ಮುಂದೆ ಕೂರುವವರು ಎಷ್ಟು ಮಂದಿ? ಬಸ್ಸುಗಳು ಸುಟ್ಟವು, ಲಾಠಿ ಬೀಸಿತು. 19ರಂದೇ ಕೇಂದ್ರ ನಿಯಮವನ್ನು ಹಿಂತೆಗೆದುಕೊಂಡಿತು.

ಆ ವಾರ ಒಬ್ಬ ತಾಯಿ ಶಾಲೆಗೆ ಬಂದಿದ್ದರು. ಕೈಗೆ ಬ್ಯಾಂಡೇಜು ಸುತ್ತಿತ್ತು. ಕೇಳಿದೆ, ಹೇಳಲಿಲ್ಲ. "ಮಿಸ್, ಪೇರೆಂಟ್ಸ್ ಮೀಟಿಂಗ್ ಭಾನುವಾರ ಇಡೋಕ್ಕಾಗಲ್ವಾ? ಶನಿವಾರ ಬಂದ್ರೆ ಸಂಬಳ ಹಿಡೀತಾರೆ" ಎಂದರು. ಮುಖ್ಯೋಪಾಧ್ಯಾಯರು ಒಪ್ಪಲಿಲ್ಲ. ಅಂದಿನಿಂದ ಆ ಮಗುವಿನ ಅಂಕಪಟ್ಟಿಯನ್ನು ನಾನೇ ಸಂಜೆ ಅವರ ಮನೆಗೆ ಒಯ್ದು ಸಹಿ ಹಾಕಿಸಿಕೊಂಡು ಬರುತ್ತಿದ್ದೆ.