ನ್ಯಾಯಪ್ರಮಾಣ ಮತ್ತು ನಂಬಿಕೆ: ಧಾರವಾಡ ಸೀಮೆಯ ಬಾಸೆಲ್ ಮಿಶನ್ ಸಭೆಗಳನ್ನು ಕುರಿತು ಒಂದು ವಿವೇಚನೆ

೧. ಪ್ರಶ್ನೆಯ ಸ್ವರೂಪ

ಕ್ರೈಸ್ತಧರ್ಮದ ಇತಿಹಾಸದಲ್ಲಿ ವಿಧಿಗೂ ನಂಬಿಕೆಗೂ ಇರುವ ಸಂಬಂಧದ ಪ್ರಶ್ನೆ ಆ ಧರ್ಮದಷ್ಟೇ ಹಳೆಯದು. ಯೆಹೂದ್ಯರಲ್ಲದವರು ಕ್ರಿಸ್ತನನ್ನು ನಂಬಿದಾಗ ಅವರು ಸುನ್ನತಿಯೇ ಮೊದಲಾದ ಮೋಶೆಯ ವಿಧಿಗಳಿಗೂ ಒಳಗಾಗಬೇಕೇ ಎಂಬ ವಿವಾದವು ಕ್ರಿ. ಶ. ೪೯ರ ಸುಮಾರಿಗೆ ಯೆರೂಸಲೇಮಿನ ಸಭೆಯ ಮುಂದೆ ಬಂದಿತು. ಸುನ್ನತಿ ಬೇಡವೆಂದು ಹಿರಿಯರು ತೀರ್ಮಾನಿಸಿದರು. ಆದರೆ ವಿಗ್ರಹಗಳಿಗೆ ಅರ್ಪಿಸಿದ ಆಹಾರವನ್ನು ಮುಟ್ಟಬಾರದೆಂಬುದೇ ಮುಂತಾದ ಕೆಲವು ನಿಷೇಧಗಳನ್ನು ಉಳಿಸಿದರು. ವಿಧಿಯಿಂದ ಬಿಡುಗಡೆ ಕೊಟ್ಟ ಸಭೆಯೇ ಕೆಲವು ವಿಧಿಗಳನ್ನು ಹೇರಿತು ಎಂಬುದು ಇಲ್ಲಿ ಗಮನಾರ್ಹ. ಮನುಷ್ಯನು ನೀತಿವಂತನೆನಿಸುವುದು ನಂಬಿಕೆಯಿಂದಲೇ ಎಂದು ಪೌಲನು ಗಲಾತ್ಯದವರಿಗೆ ವಾದಿಸಿ ಬರೆದನು. ಕ್ರಿಯೆಯಿಲ್ಲದ ನಂಬಿಕೆ ನಿಷ್ಫಲವೆಂದು ಯಾಕೋಬನ ಪತ್ರ ಎಚ್ಚರಿಸಿತು. ೧೫೨೦ರಲ್ಲಿ ಲೂಥರನು ಕ್ರೈಸ್ತನ ಸ್ವಾತಂತ್ರ್ಯವನ್ನು ಕುರಿತು ಬರೆದಾಗ ಈ ಹಳೆಯ ಚರ್ಚೆಯೇ ಹೊಸ ಬಲದಿಂದ ಮರುಹುಟ್ಟು ಪಡೆಯಿತು.

ಈ ಚರ್ಚೆ ಯೂರೋಪಿನ ವಿದ್ಯಾಪೀಠಗಳಿಗೆ ಮಾತ್ರ ಸೇರಿದುದೆಂದು ಭಾವಿಸುವುದು ಸರಿಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಧಾರವಾಡ ಸೀಮೆಯ ಎರೆನೆಲದ ಹಳ್ಳಿಗಳಿಗೂ ಬಂದು, ಬಾವಿ, ಹೊಲ, ಮದುವೆ, ಊಟಗಳ ಪ್ರಶ್ನೆಯಾಗಿ ಮಾರ್ಪಟ್ಟಿತು. ಈ ಮಾರ್ಪಾಡು ಹೇಗಾಯಿತು, ನಂಬಿಕೆಯನ್ನೇ ಸಾರಲು ಬಂದವರು ವಿಧಿಗಳ ಕಟ್ಟಳೆಯನ್ನು ಏಕೆ ರಚಿಸಬೇಕಾಯಿತು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

೨. ಶಬ್ದಗಳ ಸಾಕ್ಷ್ಯ

ಮೊದಲು ಶಬ್ದಗಳನ್ನು ನೋಡೋಣ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಬೈಬಲಿನ ಭಾಷಾಂತರಕ್ಕೆ ಅಡಿಪಾಯ ಹಾಕಿದನು. ಮುಂದೆ ಬಾಸೆಲ್ ಮಿಶನ್ನಿನ ಗಾಟ್‌ಫ್ರೀಡ್ ವೈಗಲ್ ಮೊದಲಾದವರು ಅದರ ಪರಿಷ್ಕರಣದಲ್ಲಿ ತೊಡಗಿದರು. ಕನ್ನಡ ಬೈಬಲಿನ ಭಾಷಾಂತರ ಪರಂಪರೆಯಲ್ಲಿ ಮೋಶೆಯ ವಿಧಿಸಂಹಿತೆಗೆ 'ನ್ಯಾಯಪ್ರಮಾಣ' ಎಂಬ ಪದವೂ 'ಧರ್ಮಶಾಸ್ತ್ರ' ಎಂಬ ಪದವೂ ಬಳಕೆಯಾಗಿವೆ. ಎರಡನೆಯ ಪದವನ್ನು ಕೇಳಿದ ಕನ್ನಡ ಓದುಗನಿಗೆ ಸಿನಾಯ್ ಬೆಟ್ಟಕ್ಕಿಂತ ಮೊದಲು ಮನು-ಯಾಜ್ಞವಲ್ಕ್ಯರು ನೆನಪಾಗುವುದು ಸಹಜ. ಹೀಗಾಗಿ ಧರ್ಮಶಾಸ್ತ್ರದ ಕ್ರಿಯೆಗಳಿಂದ ಮುಕ್ತಿಯಿಲ್ಲವೆಂಬ ಪೌಲನ ವಾದವು ಕನ್ನಡದಲ್ಲಿ ಯೆಹೂದ್ಯರ ವಿಧಿಯನ್ನಷ್ಟೇ ಅಲ್ಲದೆ ವರ್ಣಾಶ್ರಮದ ಆಚಾರವನ್ನೂ ಪ್ರಶ್ನಿಸುವಂತೆ ಧ್ವನಿಸಿತು. 'ನಂಬಿಕೆ'ಯಾದರೋ ಅಚ್ಚಗನ್ನಡ ಪದ. ಬಾಹ್ಯಾಚಾರಕ್ಕಿಂತ ಅಂತರಂಗದ ನಿಷ್ಠೆಯನ್ನು ಮೇಲೆಂದು ಹೇಳಿದ ಹನ್ನೆರಡನೆಯ ಶತಮಾನದ ಶರಣರ ನಾಡಿನಲ್ಲಿ ಆ ಪದಕ್ಕೆ ವ್ಯಾಖ್ಯಾನದ ಅಗತ್ಯವಿರಲಿಲ್ಲ.

೩. ಕಾಲಜ್ಞಾನಿಗಳೂ ಮಲ್ಲಸಮುದ್ರವೂ

೧೮೧೫ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್, ೧೮೩೩ರ ಸನದು ಶಾಸನವು ಬ್ರಿಟಿಷರಲ್ಲದ ಪಾದ್ರಿಗಳಿಗೂ ದಾರಿ ತೆರೆದ ಮೇಲೆ, ೧೮೩೪ರಲ್ಲಿ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳುಹಿತು. ಘಟ್ಟದ ಮೇಲೆ ೧೮೩೭ರಲ್ಲಿ ಧಾರವಾಡ, ೧೮೩೯ರಲ್ಲಿ ಹುಬ್ಬಳ್ಳಿ, ೧೮೪೧ರಲ್ಲಿ ಬೆಟಗೇರಿ ಕೇಂದ್ರಗಳಾದವು. ಈ ಕೇಂದ್ರಗಳಿಂದ ಪ್ರಚಾರಕರು ಊರೂರು ತಿರುಗಿ ಸಂತೆ-ಜಾತ್ರೆಗಳಲ್ಲಿ ಬೋಧಿಸುವುದು ವಾಡಿಕೆಯಾಯಿತು.

ಹುಬ್ಬಳ್ಳಿಯಲ್ಲಿ ನೆಲೆಯೂರಿದ ಆರಂಭದಲ್ಲಿಯೇ ಅವರಿಗೊಂದು ಅನಿರೀಕ್ಷಿತ ಅನುಭವವಾಯಿತು. ಲಿಂಗಾಯತ ಪರಿಸರದಿಂದ ಬಂದ, ಕಾಲಜ್ಞಾನದ ಗ್ರಂಥಗಳಲ್ಲಿ ಶ್ರದ್ಧೆಯಿದ್ದ ಒಂದು ಗುಂಪಿನವರು, ತಮ್ಮ ಗ್ರಂಥಗಳು ಮುನ್ನುಡಿದ ಗುರುಗಳು ಇವರೇ ಇರಬಹುದೆಂದು ತಾವಾಗಿ ಮಿಶನರಿಗಳನ್ನು ಹುಡುಕಿಕೊಂಡು ಬಂದರು. ಇವರನ್ನು ನೆಲಸಿಸುವ ಆಸೆಯಿಂದಲೇ ೧೮೪೧ರಲ್ಲಿ, ಈಗ ಗದಗ ಜಿಲ್ಲೆಗೆ ಸೇರಿರುವ ಮಲ್ಲಸಮುದ್ರದಲ್ಲಿ, ಒಂದು ಕೃಷಿ ವಸಾಹತನ್ನು ಆರಂಭಿಸಲಾಯಿತು. ಹರ್ಮನ್ ಮೋಗ್ಲಿಂಗನು ಅದರಲ್ಲಿ ವಿಶೇಷ ಆಸಕ್ತಿ ವಹಿಸಿದ್ದನು. ಆದರೆ ನಿರೀಕ್ಷಿಸಿದ ಸಮುದಾಯ ಅಲ್ಲಿಗೆ ಬಂದು ನೆಲಸಲಿಲ್ಲ.

ಈ ವೈಫಲ್ಯವನ್ನು ಬಂದವರ ಕಪಟವೆಂದೋ ಪಾದ್ರಿಗಳ ಮುಗ್ಧತೆಯೆಂದೋ ಹೇಳಿ ಮುಗಿಸಿದರೆ ಅದರ ಇತಿಹಾಸಾರ್ಥ ಕೈತಪ್ಪುತ್ತದೆ. ಕಾಲಜ್ಞಾನಿಗಳಲ್ಲಿ ಒಂದು ಬಗೆಯ ನಂಬಿಕೆ ಇದ್ದೇ ಇತ್ತು. ಅವರು ಬರಲಿರುವ ಗುರುವನ್ನು ಕಾಯುತ್ತಿದ್ದರು. ಆದರೆ ಆ ನಂಬಿಕೆಯಿಂದ ದೀಕ್ಷಾಸ್ನಾನಕ್ಕೆ ಹೋಗುವ ದಾರಿಯಲ್ಲಿ ಜಾತಿಯನ್ನು ಬಿಡಬೇಕೆಂಬ ಕಟ್ಟಳೆ ನಿಂತಿತ್ತು. ನಂಬಿಕೆಯೊಂದೇ ಸಾಕೆಂದು ಬೋಧಿಸಿದವರೇ ಈ ಕಟ್ಟಳೆಯನ್ನು ಸಡಿಲಿಸಲು ಒಪ್ಪಲಿಲ್ಲ.

೪. ಜಾತಿ: ಆಚಾರವೋ ನಂಬಿಕೆಯೋ?

ಇದು ಹಟವೇ? ಜಾತಿಯು ಕೇವಲ ಲೌಕಿಕ ಪದ್ಧತಿ, ಅದನ್ನು ಕಾಲಕ್ರಮಕ್ಕೆ ಬಿಡಬೇಕೆಂಬುದು ತಮಿಳುನಾಡಿನಲ್ಲಿದ್ದ ಲೈಪ್‌ಜಿಗ್ ಲೂಥರನ್ ಮಿಶನ್ನಿನ ನಿಲುವಾಗಿತ್ತು. ಬಾಸೆಲ್ಲಿನವರ ವಾದ ಬೇರೆ. ಒಂದೇ ಬಟ್ಟಲಿನಿಂದ ಪ್ರಭುಭೋಜನವನ್ನು ಸ್ವೀಕರಿಸಲಾರದವನು ಕೃಪೆಯನ್ನು ನಂಬಿದ್ದಾನೆಂದು ಹೇಗೆ ಹೇಳುವುದು? ಹುಟ್ಟಿನಿಂದ ಬಂದ ಶುದ್ಧಿಯಲ್ಲಿ ಇಟ್ಟ ಭರವಸೆಯು ವಿಧಿಯಲ್ಲಿ ಇಟ್ಟ ಭರವಸೆಯೇ ಎಂದು ಅವರು ಎಣಿಸಿದರು. ಅಂದರೆ ಅವರ ಕಣ್ಣಿನಲ್ಲಿ ಜಾತಿತ್ಯಾಗವು ನಂಬಿಕೆಗೆ ಸೇರಿಸಿದ ಹೊಸ ವಿಧಿಯಲ್ಲ, ಹಳೆಯ ವಿಧಿಯಿಂದ ಪಡೆದ ಬಿಡುಗಡೆ. ಜಾತಿಯನ್ನು ಬಿಡಬೇಕಾದವನ ಕಣ್ಣಿಗಾದರೋ ಅದು ಎಲ್ಲಕ್ಕಿಂತ ಕಠಿಣವಾದ ವಿಧಿಯಾಗಿಯೇ ಕಂಡಿತು. ಎರಡು ದೃಷ್ಟಿಗಳೂ ಅವುಗಳ ನೆಲೆಯಲ್ಲಿ ಸುಸಂಗತವಾಗಿವೆಯೆಂದು ನಮ್ಮ ಅಭಿಪ್ರಾಯ.

ಹಳ್ಳಿಯ ಬಾಳನ್ನು ಬಲ್ಲವರಿಗೆ ಈ ಕಾಠಿಣ್ಯವನ್ನು ವಿವರಿಸಬೇಕಾಗಿಲ್ಲ. ಹಿಂದಿನ ಕಾಲದಲ್ಲಿ ಜಾತಿಯಿಂದ ಹೊರಬಿದ್ದವನೆಂದರೆ ಕೇರಿಯ ಬಾವಿಯ ನೀರಿಗೂ, ಕ್ಷೌರಿಕ, ಅಗಸ, ಬಡಿಗ ಮೊದಲಾದ ಆಯಗಾರರ ಸೇವೆಗೂ ಎರವಾದವನು. ಎರೆಹೊಲದಲ್ಲಿ ಹಸಿ ಆರುವ ಮುನ್ನ ಹಿಂಗಾರಿ ಬಿತ್ತನೆ ಮುಗಿಯಬೇಕು. ಮುಯ್ಯಿಗೆ ಆಳೂ ಎತ್ತೂ ಬರದಿದ್ದರೆ ಹೊಲ ಬೀಳುಬೀಳುವುದು. ಸೀಗೆಹುಣ್ಣಿಮೆಯಲ್ಲಿ ಹೊಲಕ್ಕೆ ಚರಗ ಚೆಲ್ಲುವುದು ಪೂಜೆಯೋ, ಒಕ್ಕಲುತನದ ಸಂಪ್ರದಾಯವೋ? ಜಾತ್ರೆಯ ಪ್ರಸಾದವನ್ನು ನೆರೆಯವನು ಮನೆಗೆ ತಂದುಕೊಟ್ಟರೆ ಒಲ್ಲೆನೆನ್ನಬೇಕೇ? ಯೆರೂಸಲೇಮಿನ ಸಭೆ ಚರ್ಚಿಸಿದ ವಿಗ್ರಹಾರ್ಪಿತ ಆಹಾರದ ಸಮಸ್ಯೆ ಇಂಥ ಮನೆಯ ಹೊಸ್ತಿಲಲ್ಲಿ ಪುನಃ ಎದ್ದು ನಿಲ್ಲುತ್ತದೆ. ಎಲ್ಲರೊಡನೆ ಅವರವರಂತಾಗಿ ನಡೆಯಬೇಕೆಂಬ ಪೌಲನ ಮಾತನ್ನು ಆದರ್ಶವಾಗಿಟ್ಟುಕೊಂಡು, ೧೮೫೩ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ಲನು ಭಾರತೀಯರಿಗೆ ಭಾರತೀಯನಾಗಲು ಹೊರಟಾಗ ಹಿರಿಯರೊಡನೆ ಭಿನ್ನಾಭಿಪ್ರಾಯ ತಲೆದೋರಿದುದು ಈ ಪ್ರಶ್ನೆಯ ಇನ್ನೊಂದು ಮುಖವಾಗಿದೆ.

೫. ಸಭೆಯ ಕಟ್ಟಳೆ

೧೮೫೧-೫೨ರಲ್ಲಿ ಮಿಶನ್ನಿನ ಇನ್‌ಸ್ಪೆಕ್ಟರ್ ಯೋಸೆಫ್ ಯೋಸನ್‌ಹಾನ್ಸ್ ಭಾರತಕ್ಕೆ ಬಂದು ಕೇಂದ್ರಗಳನ್ನು ಸಂದರ್ಶಿಸಿದನು. ೧೮೬೦ರ ದಶಕದಲ್ಲಿ ಸಭೆಗಳಿಗೆಲ್ಲ ಅನ್ವಯಿಸುವ ಲಿಖಿತ ಕಟ್ಟಳೆ ಜಾರಿಗೆ ಬಂದಿತು. ಸಭೆಯ ಹಿರಿಯರ ಮಂಡಳಿ, ಭಾನುವಾರದ ಆಚರಣೆ, ವಿವಾಹ, ಕುಡಿತ, ಜಾತಿಭೇದ ಮುಂತಾದವೆಲ್ಲ ಅದರ ಕಕ್ಷೆಗೆ ಸೇರಿದವು. ತಪ್ಪಿದವರಿಗೆ ಎಚ್ಚರಿಕೆ, ಅನಂತರ ಪ್ರಭುಭೋಜನದಿಂದ ದೂರವಿಡುವುದು, ಕೊನೆಗೆ ಸಭೆಯಿಂದ ಬಹಿಷ್ಕಾರ—ಇದು ಶಿಕ್ಷೆಯ ಕ್ರಮ.

ಇದರ ಮೂಲವನ್ನು ವ್ಯೂರ್ಟೆಂಬರ್ಗಿನಲ್ಲಿ ಹುಡುಕಬೇಕು. ಮಿಶನರಿಗಳಲ್ಲಿ ಅನೇಕರು ಆ ನಾಡಿನ ಭಕ್ತಿಪಂಥದ ಮನೆತನಗಳಿಂದ ಬಂದವರು. ಹಳ್ಳಿಗರ ನಡತೆಯನ್ನು ವಿಚಾರಿಸುವ ಚರ್ಚಿನ ಪಂಚಾಯಿತಿಗಳು ಅಲ್ಲಿ ಹದಿನೇಳನೆಯ ಶತಮಾನದಿಂದಲೂ ಇದ್ದವು. ಆದರೆ ಮೂಲವನ್ನು ತೋರಿಸಿದ ಮಾತ್ರಕ್ಕೆ ಕಾರಣವನ್ನು ಹೇಳಿದಂತಾಗಲಿಲ್ಲ. ಜಾತಿಯನ್ನು ಬಿಟ್ಟವನು ಜಾತಿಪಂಚಾಯಿತಿಯ ದಂಡನೆಯಿಂದ ಪಾರಾಗುವಂತೆ ಅದರ ಆಶ್ರಯದಿಂದಲೂ ವಂಚಿತನಾಗುತ್ತಿದ್ದನು. ಹೆಣ್ಣು ಕೊಡುವವರಾರು, ಜಗಳ ತೀರಿಸುವವರಾರು, ಹೆಣಕ್ಕೆ ಹೆಗಲು ಕೊಡುವವರಾರು? ಈ ಶೂನ್ಯವನ್ನು ನಂಬಿಕೆಯೊಂದೇ ತುಂಬಲಾರದು. ಸಭೆಯ ಕಟ್ಟಳೆ ಅದನ್ನು ತುಂಬಿತು. ಜಾತಿಪಂಚಾಯಿತಿಯ ಕೊನೆಯ ಆಯುಧ ಬಹಿಷ್ಕಾರವಾಗಿದ್ದಂತೆ ಸಭೆಯ ಕೊನೆಯ ಆಯುಧವೂ ಬಹಿಷ್ಕಾರವೇ ಆದದ್ದು ಆಕಸ್ಮಿಕವಲ್ಲ. ಮನೆ, ಹೊಲ, ಉದ್ಯೋಗಗಳಿಗೆ ಮಿಶನ್ನನ್ನೇ ನೆಚ್ಚಿದವರಿಗೆ ಈ ಆಯುಧ ಇನ್ನಷ್ಟು ತೀಕ್ಷ್ಣವಾಗಿದ್ದಿರಬೇಕು. ೧೮೭೬-೭೮ರ ಮಹಾಕ್ಷಾಮದಲ್ಲಿ ತಬ್ಬಲಿಗಳಾಗಿ ಮಿಶನ್ನಿನ ಆಶ್ರಯದಲ್ಲಿ ಬೆಳೆದವರಿಗಂತೂ ಅದನ್ನು ಬಿಟ್ಟರೆ ಬೇರೆ ಬಂಧುಬಳಗವಿರಲಿಲ್ಲ.

೬. ಸರ್ಕಾರದ ಶಾಸನ

ಮೂರನೆಯದೊಂದು ವಿಧಿಯೂ ಇತ್ತು. ಧರ್ಮವನ್ನೋ ಜಾತಿಯನ್ನೋ ಬಿಟ್ಟ ಕಾರಣಕ್ಕೆ ಆಸ್ತಿಯ ಹಕ್ಕು ಹೋಗದೆಂದು ೧೮೫೦ರ ೨೧ನೆಯ ಶಾಸನ ಸಾರಿತು. ಕುಂದಗೋಳವು ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದುದರಿಂದ ಕಂಪನಿಯ ಶಾಸನವು ಅಲ್ಲಿ ತಾನಾಗಿ ನಡೆಯುವಂತಿರಲಿಲ್ಲ ಎಂಬುದನ್ನೂ ನೆನೆಯಬೇಕು. ಕ್ರೈಸ್ತನಾದವನು ಯಾವ ಕಾನೂನಿಗೆ ಒಳಪಡುತ್ತಾನೆ ಎಂಬ ಪ್ರಶ್ನೆಯನ್ನು ಬಳ್ಳಾರಿಯ ಅಬ್ರಹಾಂ ಕುಟುಂಬದ ಆಸ್ತಿಯ ವ್ಯಾಜ್ಯದಲ್ಲಿ ೧೮೬೩ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಮಾನಿಸಿತು. ಮತಾಂತರದಿಂದ ಹಿಂದೂ ಕಾನೂನಿನ ಕಡ್ಡಾಯ ತಪ್ಪುತ್ತದೆ. ಆದರೆ ಹಳೆಯ ಧರ್ಮವನ್ನು ಬಿಟ್ಟವನು ಆಸ್ತಿಯ ವಿಷಯದಲ್ಲಿ ಹಳೆಯ ಕಾನೂನನ್ನೇ ಅನುಸರಿಸಲೂಬಹುದು. ಯಾವುದನ್ನು ಅನುಸರಿಸಿದನೆಂಬುದಕ್ಕೆ ಅವನ ನಡವಳಿಕೆಯೇ ಪ್ರಮಾಣ ಎಂಬುದು ಆ ತೀರ್ಪಿನ ಸಾರ. ನಂಬಿಕೆ ಬದಲಾದ ಕ್ಷಣದಲ್ಲಿಯೇ ಬಾಳಿನ ವಿಧಿಯೆಲ್ಲ ಬದಲಾಗುವುದಿಲ್ಲವೆಂಬುದನ್ನು ಪಾದ್ರಿಗಳಿಗಿಂತ ನ್ಯಾಯಾಧೀಶರು ಸ್ಪಷ್ಟವಾಗಿ ಕಂಡರೆನ್ನಬಹುದು. ಮುಂದೆ ೧೮೬೫ರ ಉತ್ತರಾಧಿಕಾರ ಶಾಸನ ಮತ್ತು ೧೮೭೨ರ ಕ್ರೈಸ್ತ ವಿವಾಹ ಶಾಸನಗಳು ಈ ಆಯ್ಕೆಯ ಅವಕಾಶವನ್ನು ಬಹುಮಟ್ಟಿಗೆ ಕಿರಿದುಗೊಳಿಸಿದವು.

೭. ಉಪಸಂಹಾರ

ನವಲಗುಂದದ ನಾಗಲಿಂಗಸ್ವಾಮಿಗಳ ಮಠದಲ್ಲಿ ತೂತುಳ್ಳ ಒಂದು ಬೈಬಲ್ ಪ್ರತಿಯನ್ನು ಕಾಪಾಡಿಕೊಂಡು ಬಂದಿದ್ದಾರೆ. ಪಾದ್ರಿಯೊಬ್ಬನ ಕೈಯಲ್ಲಿದ್ದ ಗ್ರಂಥಕ್ಕೆ ಸ್ವಾಮಿಗಳು ತೂತು ಹಾಕಿದರೆಂದೂ, ಅದು ತಾನಾಗಿ ಮುಚ್ಚುತ್ತ ಬರುತ್ತಿದೆಯೆಂದೂ ಭಕ್ತರ ಪ್ರತೀತಿ. ಈ ಪ್ರತೀತಿಯ ಸತ್ಯಾಸತ್ಯವನ್ನು ನಿರ್ಣಯಿಸುವುದು ಇತಿಹಾಸಕಾರನ ಕೆಲಸವಲ್ಲ. ಆದರೆ ಪರಧರ್ಮದ ಗ್ರಂಥವನ್ನು ತಿರಸ್ಕರಿಸದೆ, ಅದರ ಅಕ್ಷರಕ್ಕೆ ಶರಣಾಗದೆ, ಮಠದಲ್ಲಿಟ್ಟು ಗೌರವಿಸಿದ ಜನಮನಸ್ಸಿನ ಸ್ವರೂಪ ಇತಿಹಾಸಕ್ಕೆ ಸೇರಿದ ಸಂಗತಿ. ಅಕ್ಷರಕ್ಕೂ ಅನುಭಾವಕ್ಕೂ ಇರುವ ಅಂತರ ಈ ನಾಡಿನವರಿಗೆ ಹೊಸದಾಗಿರಲಿಲ್ಲ.

ಬಾಸೆಲ್ ಪರಂಪರೆಯ ಮುಂಬಯಿ-ಕರ್ನಾಟಕ ಸಭೆಗಳು ೧೯೪೭ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಸಭೆಯನ್ನು ೧೯೬೮ರಲ್ಲಿ ಸೇರಿದವು. ಹಳೆಯ ಕಟ್ಟಳೆಯ ಕಾಲ ಮುಗಿದಿದೆ. ಆದರೂ ಅದರ ಇತಿಹಾಸ ನಮಗೆ ಒಂದು ಮಾತನ್ನು ಕಲಿಸುತ್ತದೆ. ನಂಬಿಕೆಯು ವ್ಯಕ್ತಿಯನ್ನು ಹಳೆಯ ವಿಧಿಯಿಂದ ಬಿಡಿಸಬಲ್ಲದು; ಬಿಡಿಸಿಕೊಂಡವರು ಒಂದೆಡೆ ಕೂಡಿ ಬಾಳತೊಡಗಿದೊಡನೆ ಹೊಸ ವಿಧಿ ಹುಟ್ಟುತ್ತದೆ. ಆ ಹೊಸ ವಿಧಿಯು ನೀರಿಲ್ಲದವನಿಗೆ ಬಾವಿಯಾಯಿತೋ, ಅವನ ಸುತ್ತ ಎದ್ದ ಮತ್ತೊಂದು ಗೋಡೆಯಾಯಿತೋ ಎಂಬುದನ್ನು ತತ್ತ್ವದಿಂದ ಮೊದಲೇ ಹೇಳಲಾಗದು. ಊರೂರಿನ ಸಭೆಯ ಚರಿತ್ರೆಯನ್ನು ನೋಡಿಯೇ ಹೇಳಬೇಕು. ನಮ್ಮ ವಿದ್ಯಾರ್ಥಿಗಳು ಈ ಕೆಲಸಕ್ಕೆ ತೊಡಗಿ, ಹಳ್ಳಿಯ ಹಿರಿಯರ ನೆನಪುಗಳನ್ನು ಮಿಶನ್ನಿನ ವರದಿಗಳೊಡನೆ ಹೋಲಿಸಿ ನೋಡಿದರೆ ಧಾರವಾಡ ಸೀಮೆಯ ಸಾಮಾಜಿಕ ಇತಿಹಾಸಕ್ಕೆ ಬೆಲೆಯುಳ್ಳ ಸೇವೆ ಸಲ್ಲಿಸಿದಂತಾಗುವುದು.